ದೋಣಿ ನಿಲ್ಲದ ಮೆಟ್ಟಿಲು

ಸುಮಾಲಿ,

ಒಲೆಯ ಮೇಲೆ ಗಂಜಿ ಇದೆ, ಬಿಸಿ ಮಾಡಿಕೊಂಡು ತಿನ್ನು. ನನ್ನ ಮಾತ್ರೆ ನುಂಗಿದ್ದೇನೆ, ಡಬ್ಬಿ ತೆಗೆದು ಎಣಿಸಬೇಡ.

ಈ ವಾರವೆಲ್ಲ ಬೆಳಿಗ್ಗೆ ಅನ್ನದ ಬಟ್ಟಲು ಹಿಡಿದು ಕಾಲುವೆಯ ಮೆಟ್ಟಿಲ ಮೇಲೆ ಕಾದೆ. ಮನೆಮನೆಯ ಅನ್ನದಾನ ಸ್ವೀಕರಿಸುತ್ತ ಬರುವ ಭಿಕ್ಷುಗಳ ದೋಣಿ ನಮ್ಮ ಮನೆಯ ಮುಂದೆ ಒಂದು ದಿನವೂ ನಿಲ್ಲದೆ ಹೋಯಿತು. ನನ್ನಿಂದ ಏನು ಅಪಚಾರವಾಯಿತೋ ಎಂದು ಕೊರಗಿದೆ. ನಿನ್ನೆ ಪಕ್ಕದ ಮನೆಯ ವಿಲೈ ಬಾಯಿಬಿಟ್ಟಳು: "ನಿನ್ನ ಮಗಳೇ ಭಿಕ್ಷುಗಳ ವಿಹಾರಕ್ಕೆ ಹೋಗಿ ಹೇಳಿದ್ದಾಳೆ ಕಣೆ, ಅಮ್ಮಂಗೆ ಕೈಲಾಗಲ್ಲ, ಬಿದ್ದುಬಿಡ್ತಾಳೆ, ನಮ್ಮನೆ ಹತ್ರ ನಿಲ್ಲಿಸ್ಬೇಡಿ ಅಂತ."

ಹೃದಯದ ಹೊಸ ಕವಾಟ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದಾಗ ನೀನು ಅವರಿಗೆ ಕೈಮುಗಿದೆ. ಅದನ್ನು ಹಾಕಿಸಿದ್ದು ನನ್ನನ್ನು ಕುರ್ಚಿಯಲ್ಲಿ ಕೂರಿಸಿಡಲೆಂದೇ? ನಿಂತರೆ ಕಾಲು ನಡುಗುತ್ತದೆ, ನಿಜ. ಒಂದು ದಿನ ಬಂದು ನನ್ನ ತೋಳು ಹಿಡಿದುಕೊಂಡಿದ್ದರೆ ಸಾಕಿತ್ತು. ನಿನಗೆ ವಿಹಾರದವರೆಗೆ ಹೋಗಿ ಬರಲು ಪುರುಸೊತ್ತಿತ್ತು, ಮೆಟ್ಟಿಲಿನವರೆಗೆ ಬರಲು ಇರಲಿಲ್ಲ.

ವಿಲೈಯ ದೋಣಿಯಲ್ಲಿ ನಾನೇ ವಿಹಾರಕ್ಕೆ ಹೊರಟಿದ್ದೇನೆ, ನಾಳೆಯಿಂದ ನಮ್ಮ ಮನೆಯ ಮುಂದೆ ದೋಣಿ ನಿಲ್ಲಿಸಿ ಎಂದು ಹೇಳಿ ಬರುತ್ತೇನೆ. ಅನ್ನದ ಬಟ್ಟಲು ತೊಳೆದಿಡು.

ನಾನು ಸತ್ತ ಮೇಲೆ ನನ್ನ ಹೆಸರಿನಲ್ಲಿ ಅನ್ನ ನೀಡಲು ಇದೇ ಮೆಟ್ಟಿಲಿಗೆ ನೀನು ಆ ದೋಣಿ ಕರೆಸುತ್ತೀಯಲ್ಲ, ಅಲ್ಲಿಯವರೆಗೆ ಅದು ನನಗಾಗಿ ನಿಲ್ಲಲಿ.

ಅಮ್ಮ