ಮಣ್ಣಾಗದ ತಟ್ಟೆಯೂ ಬೀಗ ಬಿದ್ದ ತೊಳೆಯುವ ಕಟ್ಟೆಯೂ

ಕಸ ವಿಲೇವಾರಿ ವಿಭಾಗದ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಬಡಾವಣೆಯ ಸಮುದಾಯ ಭವನದ ಎದುರು ನೀವು ನಿಲ್ಲಿಸಿರುವ ‘ಹಸಿರು ಔತಣ’ದ ಫಲಕದಿಂದ ನನ್ನ ಮುಖವನ್ನೂ ನನ್ನ ದೊಡ್ಡಮ್ಮನ ಮುಖವನ್ನೂ ತೆಗೆಸಿ. ಇದನ್ನು ಕೇಳಿಕೊಂಡು ನಿಮ್ಮ ಕಚೇರಿಗೆ ಅಲೆದೆ. ಹೋದಾಗಲೆಲ್ಲ ನಿಮ್ಮವರು ಕುರ್ಚಿ ಕೊಟ್ಟು, ಅಭಿನಂದನೆ ಹೇಳಿ ಕಳಿಸಿದರು. ಮರ್ಯಾದೆ ಮಾಡುವುದರಲ್ಲಿ ನಿಮ್ಮ ಕಚೇರಿಯದು ಎತ್ತಿದ ಕೈ. ಆದ್ದರಿಂದ ಈ ಬಹಿರಂಗ ಪತ್ರದಲ್ಲಿ, ನಾಲ್ಕು ಜನರ ಮುಂದೆಯೇ ಹೇಳುತ್ತೇನೆ: ಆ ಫಲಕ ಸುಳ್ಳು. ಅದರಲ್ಲಿ ಅರ್ಧ ನಿಮ್ಮದು, ಅರ್ಧ ನನ್ನದು.

ನಾನು ಕನ್ನಡಕದ ಅಂಗಡಿ ಇಟ್ಟವನು, ಬಡಾವಣೆ ಸಂಘದ ಕಾರ್ಯದರ್ಶಿ. ವರ್ಷದ ಕೊನೆಯ ರಜೆಯಲ್ಲಿ ಇಡೀ ಬಡಾವಣೆ ಭವನದಲ್ಲಿ ಒಟ್ಟಿಗೆ ಊಟ ಮಾಡುತ್ತದೆ. ತಟ್ಟೆ, ಲೋಟ ಅವರವರ ಮನೆಯಿಂದ ತರಬೇಕು. ಉಂಡ ಮೇಲೆ ಹಿಂಬದಿಯ ತೊಳೆಯುವ ಕಟ್ಟೆಗೆ ಹೋಗಬೇಕು. ಅಲ್ಲಿ ಯಾರೂ ತಮ್ಮ ತಟ್ಟೆ ತೊಳೆಯುವಂತಿಲ್ಲ, ಪಕ್ಕದಲ್ಲಿ ಕೂತವರದ್ದನ್ನು ತೊಳೆಯಬೇಕು. ಈ ನಿಯಮ ಮಾಡಿದವರು ನನ್ನ ದೊಡ್ಡಮ್ಮ. ಗೋಡೆಯ ವಿಷಯಕ್ಕೆ ಮಾತು ಬಿಟ್ಟಿದ್ದ ದರ್ಜಿಯನ್ನೂ ಬ್ಯಾಂಕ್ ಮ್ಯಾನೇಜರನ್ನೂ ಒಂದು ವರ್ಷ ಬೇಕೆಂದೇ ಅಕ್ಕಪಕ್ಕ ಕೂರಿಸಿದ್ದರು. ಕಟ್ಟೆಯ ಹತ್ತಿರ ದರ್ಜಿ, “ಇನ್ನೊಂದ್ಸಲ ಉಜ್ಜಿ ಸಾರ್, ಅಂಚಲ್ಲಿ ಜಿಡ್ಡು ಹಾಗೇ ಇದೆ” ಅಂದಾಗ ಮ್ಯಾನೇಜರು ನಕ್ಕುಬಿಟ್ಟರು. ಗೋಡೆಯ ಜಗಳ ಅಲ್ಲಿಗೆ ಮುಗಿಯಿತು.

ಕಳೆದ ರಜೆಗೆ ಮುಂಚೆ ನಿಮ್ಮ ಸುತ್ತೋಲೆ ಬಂತು. ದೊಡ್ಡ ಕೂಟಗಳಲ್ಲಿ ಇನ್ನು ವಿಭಾಗದ ಹಸಿರು ಎಲೆಯ ಗುರುತಿರುವ, ಮಣ್ಣಿನಲ್ಲಿ ಮಣ್ಣಾಗುವ ತಟ್ಟೆಗಳನ್ನೇ ಬಳಸತಕ್ಕದ್ದು, ಪಾತ್ರೆ ತೊಳೆದು ನೀರು ಪೋಲು ಮಾಡತಕ್ಕದ್ದಲ್ಲ. ತೊಳೆಯುವ ಕಟ್ಟೆಯ ಬಾಗಿಲಿಗೆ ನಿಮ್ಮವರೇ ಬಂದು ಬೀಗ ಜಡಿದರು. ಇಷ್ಟಕ್ಕೆ ನಿಮ್ಮನ್ನು ಬೈದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಾನು ಕುಣಿದಾಡಿದೆ. ಪಾಲಿಸಿದ ಬಡಾವಣೆಗೆ ಬಹುಮಾನವಿದೆ ಎಂದು ಸುತ್ತೋಲೆಯಲ್ಲಿ ಓದಿದ್ದೆನಲ್ಲ. ಮನೆಮನೆಗೆ ಹೋಗಿ, ಈ ಸಲ ಯಾರೂ ತಟ್ಟೆ ತರಬೇಡಿ ಎಂದು ಭೂಮಿಯ ಬಗ್ಗೆ ಭಾಷಣ ಬಿಗಿದು ಬಂದೆ.

ದೊಡ್ಡಮ್ಮ ಮಾತ್ರ ತಂದಿದ್ದರು. ನನ್ನ ಪಕ್ಕದಲ್ಲೇ ಕೂತು, ಬಟ್ಟೆಯ ಚೀಲದಿಂದ ತಮ್ಮ ಹಳೆಯ ಸ್ಟೀಲ್ ತಟ್ಟೆ ತೆಗೆದು ಮುಂದಿಟ್ಟುಕೊಂಡರು. ಅಷ್ಟರಲ್ಲಿ ನಿಮ್ಮ ಫೋಟೋಗ್ರಾಫರ್ ಬಂದರು.

“ದೊಡ್ಡಮ್ಮ, ಅದನ್ನ ಒಳಗಿಡು. ಫೋಟೋದಲ್ಲಿ ಬರತ್ತೆ” ಅಂದೆ.

“ಬಂದ್ರೇನೋ? ತಟ್ಟೆ ತಾನೇ?”

“ಎಲ್ಲರ ಮುಂದೆ ನನ್ನ ಮಾನ ಕಳೀಬೇಡ.”

ಅವರು ತಟ್ಟೆಯನ್ನು ಚೀಲಕ್ಕೆ ಹಾಕಿದರು. ನಾನು ಕೊಟ್ಟ ಹಸಿರು ಗುರುತಿನ ತಟ್ಟೆ ಹಿಡಿದು, ಫೋಟೋಗ್ರಾಫರ್ ನಗಿ ಅಂದಾಗ ನಕ್ಕರು. ಆ ಫೋಟೋದ ಕೆಳಗೆ ನೀವು ‘ಹಿರಿಯರೂ ಹಸಿರಿನತ್ತ’ ಎಂದು ಬರೆಸಿದ್ದೀರಿ. ಫೋಟೋ ಆದಮೇಲೆ ಅವರು ಉಣ್ಣದೆ ಎದ್ದು ಹೋದರು. ಅದಕ್ಕೇನು ಬರೆಸುತ್ತೀರಿ?

ಉಂಡ ತಟ್ಟೆಗಳನ್ನು ನಿಮ್ಮ ಸೂಚನೆಯಂತೆ ಭವನದ ಹಿಂದೆ ಗುಂಡಿ ತೋಡಿ ಹೂಳಿದೆವು. ತಿಂಗಳುಗಟ್ಟಲೆ ಕಳೆದ ಮೇಲೆ, ಮೊನ್ನೆ ಅದೇ ಜಾಗದಲ್ಲಿ ನಿಮ್ಮ ಹಸ್ತದಿಂದ ಗಿಡ ನೆಡಿಸಲೆಂದು ಅಗೆಸಿದರೆ, ಗುದ್ದಲಿಗೆ ಸಿಕ್ಕಿದ್ದು ಮಣ್ಣಲ್ಲ, ತಟ್ಟೆಗಳು. ಮುಕ್ಕಾಗಿರಲಿಲ್ಲ, ಮಾಸಿರಲಿಲ್ಲ, ಎಲೆಯ ಗುರುತೂ ಹಾಗೇ ಇತ್ತು. ನೋಡಲು ಬಂದ ದೊಡ್ಡಮ್ಮ ಒಂದನ್ನು ಕೈಗೆತ್ತಿಕೊಂಡು ಬೆರಳಿನಿಂದ ತಟ್ಟಿದರು. “ಗಟ್ಟಿ ಇದೆ ಕಣೋ. ತೊಳೆದಿಟ್ರೆ ಮುಂದಿನ ವರ್ಷಕ್ಕೂ ಆಗತ್ತೆ” ಅಂದರು. ಎಲ್ಲರೂ ನಕ್ಕರು. ನನಗೆ ಆ ಗುಂಡಿಯಲ್ಲೇ ಇಳಿದುಬಿಡೋಣ ಅನ್ನಿಸಿತು.

ಒಂದನ್ನು ಅಂಗಡಿಗೆ ಒಯ್ದು ಭೂತಗನ್ನಡಿ ಹಿಡಿದೆ. ಅಂಚಿನಲ್ಲಿ, ಇರುವೆಗಿಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಕಾರ್ಖಾನೆಯ ವಿಶೇಷ ಶಾಖದಲ್ಲಿ ಮಾತ್ರ ಕರಗುತ್ತದೆ. ಕಣ್ಣು ಪರೀಕ್ಷೆಗೆ ಬಂದವರಿಗೆಲ್ಲ ಅಕ್ಷರಪಟ್ಟಿಯ ಕೊನೆಯ ಸಾಲು ಓದಿ ಓದಿ ಎಂದು ಪ್ರಾಣ ತಿನ್ನುವವನು ನಾನು, ಆ ಸಾಲನ್ನು ಓದಿರಲಿಲ್ಲ. ಅಂಥ ಕಾರ್ಖಾನೆ ಎಲ್ಲಿದೆ ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ. “ನಮ್ಮಲ್ಲೆಲ್ಲಿ ಸಾರ್, ಇನ್ನೂ ಟೆಂಡರೇ ಆಗಿಲ್ಲ” ಅಂದರು. ಪಾಪ, ನಿಜ ಹೇಳಿದರು.

ಹಾಗಾದರೆ ಆ ಎಲೆಯ ಗುರುತನ್ನು ನೀವು ಯಾವುದಕ್ಕೆ ಕೊಟ್ಟಿರಿ? ತಟ್ಟೆಗೋ, ಅದರ ಬಣ್ಣಕ್ಕೋ? ಒಂದು ಊಟಕ್ಕೆಂದು ಹುಟ್ಟಿಸಿ ಹೂಳುವ ತಟ್ಟೆ ಹಸಿರು, ನನ್ನ ದೊಡ್ಡಮ್ಮ ಮದುವೆಯಾದಾಗಿಂದ ಉಣ್ಣುತ್ತಿರುವ ತಟ್ಟೆ ಪೋಲು ಎಂಬ ಲೆಕ್ಕವನ್ನು ಯಾವ ಶಾಲೆಯಲ್ಲಿ ಕಲಿತಿರಿ? ನೀರಿನ ಚಿಂತೆಯಿದ್ದರೆ ಕಟ್ಟೆಯ ಸೋರುವ ನಲ್ಲಿ ರಿಪೇರಿ ಮಾಡಿಸಬಹುದಿತ್ತು. ಅರ್ಜಿ ಕೊಟ್ಟೇ ಕೊಟ್ಟೆವು. ಅದಕ್ಕೆ ಬಹುಮಾನವಿರಲಿಲ್ಲವೇನೋ. ಕೇಳಲು ನನಗೂ ಬಾಯಿಲ್ಲ ಬಿಡಿ, ನಿಮ್ಮ ಸುಳ್ಳಿಗೆ ಹಲ್ಲು ಕಿರಿದು ನಿಂತವನು ನಾನೇ.

ದೊಡ್ಡಮ್ಮ ದಿನವೂ ಆ ಫಲಕದ ಮುಂದೆಯೇ ಹಾಲು ತರಲು ಹೋಗುತ್ತಾರೆ. ತಪ್ಪಾಯಿತು ಅಂದೆ. “ಬಿಡೋ, ಫೋಟೋದಲ್ಲಿ ಚೆನ್ನಾಗೇ ಬಂದಿದೀನಿ” ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಫಲಕ ಇಳಿಸಿ. ಸುತ್ತೋಲೆ ಹಿಂದಕ್ಕೆ ಪಡೆಯಿರಿ. ನಮ್ಮ ಸಂಘಕ್ಕೆ ನೀವು ಕೊಟ್ಟ ಬಹುಮಾನದ ಸ್ಮರಣಿಕೆಯನ್ನು ನಾನೇ ತಂದು ಒಪ್ಪಿಸುತ್ತೇನೆ, ಬದಲಿಗೆ ತೊಳೆಯುವ ಕಟ್ಟೆಯ ಬೀಗದ ಕೈ ಕೊಡಿ. ಮುಂದಿನ ರಜೆಗೆ ಮೊದಲು ಅದು ನನ್ನ ಕೈಗೆ ಬರಬೇಕು. ಅವತ್ತು ಪಕ್ಕದಲ್ಲಿ ಕೂತವರ ತಟ್ಟೆಯನ್ನು ನಾನಿನ್ನೂ ತೊಳೆದಿಲ್ಲ.

ಇಂತಿ,
ನಿಮ್ಮ ಫಲಕದ ಎಡಗಡೆ ಇನ್ನೂ ನಗುತ್ತಲೇ ಇರುವ
ಕನ್ನಡಕದ ಅಂಗಡಿಯವನು