ಅತ್ತಿಗೆ ಅಂದ ಮಾತು

ಮಾರ್ಚ್ 3, ಬೆಳಗ್ಗೆ 11
ಗಂಜಿ ಮುಗಿಯಲು ಒಂದೂವರೆ ಗಂಟೆ. ಒಂದು ಚಮಚ, ಗದ್ದ ಕೆಳಗೆ, ನುಂಗುವವರೆಗೆ ಕಾಯುವುದು, ಮತ್ತೊಂದು ಚಮಚ. ಸ್ಟ್ರೋಕ್ ಆದಮೇಲೆ ಅಮ್ಮನ ಗಂಟಲು ಹೀಗೇ, ಅವಸರ ಮಾಡಿದರೆ ನೆತ್ತಿಗೇರುತ್ತದೆ. ಪರವಾಗಿಲ್ಲ, ಹೆತ್ತವಳು. ಅಣ್ಣನ ಮನೆಯಿಂದ ಕರೆತಂದು ಇಂದಿಗೆ ಆರು ದಿನ.

ಅತ್ತಿಗೆಯ ಮಾತು ಇನ್ನೂ ಕಿವಿಯಲ್ಲಿದೆ. ಚಿಕ್ಕಪ್ಪ "ಹೇಗಿದೀಯಮ್ಮಾ?" ಅಂದದ್ದಕ್ಕೆ— "ಒಂದೊಂದ್ಸಲ ಅನ್ಸತ್ತೆ, ಅತ್ತೆ ಬೇಗ ಹೋದ್ರೆ ಸಾಕಪ್ಪಾ ಅಂತ." ದೊಡ್ಡಮ್ಮ, ಅವರ ಮಕ್ಕಳು, ಎಲ್ಲರೂ ಕೂತಿದ್ದರು. ಬಿಡ್ತೀನಾ? "ನೀನು ಮನುಷ್ಯಳಾ?" ಅಂದೆ. ಅತ್ತಿಗೆಗೆ ಮೊದಲ ಸಲ ಏಕವಚನ. ಆ ಗಳಿಗೆಯಲ್ಲೇ ಅಮ್ಮನನ್ನು ಕಾರು ಹತ್ತಿಸಿದೆ.

ಮಾರ್ಚ್ 4
ಅಮ್ಮನ ಹತ್ತಿರ ಪಕ್ಕದ ಮನೆಯಾಕೆಯನ್ನು ಕೂರಿಸಿ ಎರಡು ಗಂಟೆ ಡ್ರೈವಿಂಗ್ ಕಲಿಸಲು ಹೋಗಿದ್ದೆ. ಕಲಿಸುವವಳ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕ್ಲಚ್ ಬಿಡಲು ಬಾರದ ನನ್ನ ವಿದ್ಯಾರ್ಥಿನಿ, 'ಕ್ಲಚ್ ಆಂಟಿ', ಸಿಗ್ನಲ್‌ನಲ್ಲಿ ನುಗ್ಗಿಸಿದಾಗ ನಾನು ತೂಕಡಿಸುತ್ತಿದ್ದೆ! ಹೇಗೋ ಒತ್ತಿದೆ. "ಮೇಡಂ, ಪಾಠ ನಂಗಾ, ನಿಮ್ಗಾ?" ಅಂದರು. ನಗಲೂ ತ್ರಾಣವಿಲ್ಲ.

ಮಾರ್ಚ್ 11
ವಾರವಾಯಿತು ಬರೆದು. ಏನು ಬರೆಯೋದು… ಡೈಪರ್, ಗಂಜಿ, ಬೆಡ್‌ಶೀಟ್. ಮತ್ತೆ ಬೆಡ್‌ಶೀಟ್. ಕ್ಲಾಸ್ ಬಿಟ್ಟೆ.

ಮಾರ್ಚ್ 13, ಮಧ್ಯಾಹ್ನ 3
ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಅಮ್ಮ ಬಾಯಿ ತೆರೆದು ಮಲಗಿದ್ದಳು. ಉಸಿರು ನಿಂತಂತಿತ್ತು. ಓಡಲಿಲ್ಲ ನಾನು. ಬಾಗಿಲಲ್ಲೇ ನಿಂತೆ. ಅಬ್ಬಾ, ಮುಗಿಯಿತು ಅನ್ನಿಸಿತು. ಸೋಮವಾರದಿಂದ ಕ್ಲಾಸ್ ಶುರು ಮಾಡಬಹುದು ಅಂತಲೂ. ಆಮೇಲೆ ಗೊರಕೆ ಬಂತು. ಆಗ ಆದದ್ದು ಸಂತೋಷವಲ್ಲ, ಬೇಸರ. ಅಮ್ಮ ಬದುಕಿದ್ದಾಳಲ್ಲಾ ಅಂತ ಬೇಸರ.

ಥೂ. ಎರಡೇ ವಾರಕ್ಕೆ ನನ್ನ ಗತಿ ಇದು. ಅತ್ತಿಗೆ ಮೂರು ವರ್ಷ ಮಾಡಿದರು. ಎಲುಬಿಲ್ಲದ ನಾಲಿಗೆ ನನ್ನದು, ಹೇಗೆ ಬೇಕೋ ಹಾಗೆ ಹೊರಳಿತು. ನಾಚಿಕೆಯಾಗುತ್ತಿದೆ.

ಮಾರ್ಚ್ 14
ಫೋನ್ ಮಾಡಿದ್ದೆ. ಅತ್ತಿಗೆ ಬಂದರು. ಕೈ ತೊಳೆದು ಸೀದಾ ಅಮ್ಮನ ಹತ್ತಿರ. "ದಿಂಬು ಇಷ್ಟು ತಗ್ಗಾದ್ರೆ ಹೆಂಗ್ ನುಂಗ್ತಾರೆ?" ಇನ್ನೊಂದು ಇಟ್ಟರು. ಐವತ್ತು ನಿಮಿಷಕ್ಕೆ ಬಟ್ಟಲು ಖಾಲಿ.

ಅಡುಗೆಮನೆಯಲ್ಲಿ ಎಲ್ಲ ಹೇಳಿದೆ. ಅಳುತ್ತಲೇ.

ಬಟ್ಟಲು ಉಜ್ಜುತ್ತಾ ಅಂದರು, "ನಂಗೆ ಸ್ನಾನ ಮಾಡಿಸೋವಾಗ ಬರ್ತಿತ್ತು ಆ ಯೋಚ್ನೆ. ನಿಂಗೆ ಅತ್ತೆ ಮಲಗಿದ್ದಾಗ, ಅಲ್ವಾ?"

"ಹೂಂ… ಕ್ಷಮಿಸಿ ಅತ್ತಿಗೆ."

ನಲ್ಲಿ ನಿಲ್ಲಿಸಿದರು. "ನೀನು ಅಂದಿದ್ದು ಹಾಲ್‌ನಲ್ಲಿ, ಎಲ್ಲರ ಮುಂದೆ. ಕ್ಷಮೆ ಮಾತ್ರ ಅಡುಗೆಮನೇಲಾ? ದೊಡ್ಡಮ್ಮ ಇವತ್ತಿಗೂ ನನ್ನ ಫೋನ್ ಎತ್ತಲ್ಲ ಕಣೇ."

 ಇನ್ನು ಅಮ್ಮನನ್ನು ಹದಿನೈದು ದಿನ ಅವರು ನೋಡಿಕೊಳ್ಳುವುದು, ಹದಿನೈದು ದಿನ ನಾನು ಎಂದು ಅವರೇ ತೀರ್ಮಾನಿಸಿ ಹೊರಟರು. ಬೈದಿದ್ದರೆ ಹಗುರವಾಗುತ್ತಿತ್ತು.

ಮಾರ್ಚ್ 15, ಸಂಜೆ
ಫ್ಯಾಮಿಲಿ ಗ್ರೂಪ್. ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ. ಮೊದಲನೆಯದು "ಎಲ್ಲರಿಗೂ ನಮಸ್ಕಾರ" ಅಂತ, ಸಭೆಯ ನೋಟಿಸ್ ಥರ. ಎರಡನೆಯದರಲ್ಲಿ ಬರೀ ನನ್ನ ಸುಸ್ತಿನ ಪುರಾಣ. ಯಾರಿಗೆ ಬೇಕು? ಕೊನೆಗೆ ಇಷ್ಟೇ: "ಅಮ್ಮ ಹೋದರೆ ಸಾಕು ಅಂತ ನನಗೂ ಅನ್ನಿಸಿತು. ಹದಿನಾರೇ ದಿನಕ್ಕೆ. ಅವತ್ತು ಅತ್ತಿಗೆಗೆ ನಾನು ಅಂದದ್ದು ತಪ್ಪು."

ಕಳಿಸಿದೆ. 

ಒಬ್ಬೊಬ್ಬರಾಗಿ ನೋಡುತ್ತಿದ್ದಾರೆ.  ಅಣ್ಣನೂ.

ದೊಡ್ಡಮ್ಮ ಟೈಪ್ ಮಾಡುತ್ತಿದ್ದಾರೆ. ನಿಂತಿತು. ಮತ್ತೆ ಟೈಪ್—