ಪೆನಾಯಾನ ಹೆಸರನ್ನೂ ಕೂಗಿಸಿ

ಮಾನ್ಯ ತರಬೇತುದಾರರಾದ ಸಕಿಯುಸಾ ಅವರಿಗೆ,

ನಮ್ಮ ಫಿಜಿ ರಗ್ಬಿ ಕಪ್ ಗೆದ್ದಿತೆಂದು ಊರು ಇನ್ನೂ ಕುಣಿಯುತ್ತಿದೆ. ನಾನು ಪೆನಾಯಾನ ತಾಯಿ. ತಂಡಕ್ಕೆ ಆಯ್ಕೆಯಾದ ವಾರವೇ ಅವನು ಕಡಲಿನಲ್ಲಿ ಮುಳುಗಿದ. ದೇಹ ಸಿಗಲಿಲ್ಲ. ಸಾವಿನ ಮನೆಗೆ ಕೊಡುವ ಚಾಪೆಯನ್ನು ನೀವು ಕಳಿಸಿದ್ದಿರಿ, ಮರೆತಿಲ್ಲ.

ಒಂದು ತಪ್ಪಾಗಿದೆ. ಕಪ್ ಆಡಲು ಹೊರಡುವ ಮುನ್ನ ನೀವೆಲ್ಲ ನಮ್ಮ ಹಳ್ಳಿಗೆ ಬಂದು, ಬೇರು ಅರೆದು ಮಾಡಿದ ಕಾವಾ ಪಾನೀಯದ ಬಟ್ಟಲಿನ ಮುಂದೆ ಕೂತು ಹೋಗಿಬರಲು ಅಪ್ಪಣೆ ಕೇಳಿದಿರಿ. ನಮ್ಮ ಹಿರಿಯರು ತಂಡದ ಹಳೆಯ ಪಟ್ಟಿಯನ್ನೇ ಓದಿ ಪೆನಾಯಾನಿಗೂ ಅಪ್ಪಣೆ ಕೊಟ್ಟುಬಿಟ್ಟರು. "ಸತ್ತವನನ್ನೂ ವಿಮಾನ ಹತ್ತಿಸಿಬಿಟ್ರಲ್ಲ, ತಾತ!" ಎಂದು ಯಾರೋ ಅಂದರು. ನಾನೂ ನಕ್ಕುಬಿಟ್ಟೆ.

ಫೈನಲ್ ಮುಗಿದ ಮೇಲೆ ನೀವು ಮೈದಾನದಲ್ಲಿ ವೃತ್ತವಾಗಿ ನಿಂತು ಸ್ತೋತ್ರ ಹಾಡಿದಿರಿ. ಟಿವಿಯಲ್ಲಿ ನನಗೆ ಮೊದಲು ಕೇಳಿಸಿದ್ದು ಅವನ ದನಿ. ಅಣ್ಣನ ಮಗಳು ತಲೆ ಎಣಿಸಿದಳು: "ಅತ್ತೆ, ಒಬ್ರು ಜಾಸ್ತಿ ಇದಾರೆ. ಅವರೊಬ್ಬರದೇ ಅಂಗಿ ಒದ್ದೆಯಾಗಿದೆ."

ಅಪ್ಪಣೆ ಪಡೆದು ಹೋದವನು ಸ್ವಾಗತದ ಬಟ್ಟಲು ಕುಡಿಯದೆ ಮನೆ ಸೇರುವಂತಿಲ್ಲ. ಶುಕ್ರವಾರದ ಸ್ವಾಗತದಲ್ಲಿ ದಯವಿಟ್ಟು ಅವನ ಹೆಸರನ್ನೂ ಕೂಗಿಸಿ, ಒಂದು ಬಟ್ಟಲು ಇಡಿಸಿ. ಅದು ಖಾಲಿಯಾದರೆ ಯಾರೂ ಗಾಬರಿಯಾಗಬಾರದು; ಬಟ್ಟಲು ಕುಡಿದು ಮುಗಿಸಿದ ಎಲ್ಲರಿಗೂ ತಟ್ಟುವಂತೆ ಅವನಿಗೂ ಮೂರು ಚಪ್ಪಾಳೆ ತಟ್ಟಿ.

ನಾನು ಬಾಗಿಲಲ್ಲಿ ಒಣ ಬಟ್ಟೆ ಹಿಡಿದು ನಿಂತಿರುತ್ತೇನೆ.

ಗೌರವದಿಂದ,
ಲಿತಿಯಾನಾ